ಹದಿನೈದು ದಿನದ ಅತಿಥಿ, ಹದಿನೈದು ವರ್ಷದ ಒಕ್ಕಲು

2021ರ ಅಕ್ಟೋಬರ್ 1ರಂದು ಥಾಯ್ಲೆಂಡ್ ಒಂದು ನಿಯಮವನ್ನು ಬಿಗಿ ಮಾಡಿತು. ಕೆಲಸದಿಂದ ನಿವೃತ್ತರಾಗಿ ಅಲ್ಲಿ ನೆಲೆಸಲು ಬರುವ, ಐವತ್ತು ದಾಟಿದ ವಿದೇಶಿಯರು ‘ಓ-ಎ’ ವೀಸಾ ಕೇಳಿದರೆ 1 ಲಕ್ಷ ಡಾಲರ್ ಅಥವಾ 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ ತೋರಿಸಬೇಕಾಯಿತು. ಆಗಿನ ಲೆಕ್ಕದಲ್ಲಿ ನಮ್ಮ 65 ಲಕ್ಷ ರೂಪಾಯಿಗೂ ಮೇಲೆ. ಸರಿಯಾಗಿ ಒಂದು ತಿಂಗಳು ಕಳೆದು, ನವೆಂಬರ್ 1ರಂದು, ಅದೇ ಸರ್ಕಾರ ಅರವತ್ತಕ್ಕೂ ಹೆಚ್ಚು ದೇಶಗಳ ಪ್ರವಾಸಿಗರಿಗೆ ಕೋವಿಡ್‌ಗೆಂದು ಮುಚ್ಚಿದ್ದ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಪ್ರವಾಸಿಗೂ 1 ಲಕ್ಷ ಡಾಲರಿನ ವಿಮೆ ಬೇಕಿತ್ತು. ಈಗ ಅದು 50 ಸಾವಿರಕ್ಕೆ ಇಳಿಯಿತು. ಮರುವರ್ಷದ ಮಾರ್ಚ್‌ನಲ್ಲಿ 20 ಸಾವಿರ, ಮೇ 1ಕ್ಕೆ 10 ಸಾವಿರ, ಜುಲೈ 1ಕ್ಕೆ ಸೊನ್ನೆ.

ವೈರಸ್ ಒಂದೇ, ದೇಶವೂ ಒಂದೇ. ಹದಿನೈದು ದಿನ ಮೋಜು ಮಾಡಿ ಹೋಗುವವರ ವಿಮೆಯ ಗೆರೆ ಇಳಿಯುತ್ತಾ ಹೋಯಿತು, ಹದಿನೈದು ವರ್ಷ ಬಾಡಿಗೆ ಕಟ್ಟುತ್ತಾ ಬಂದವರ ಗೆರೆ ಏರಿತು. ಕೋವಿಡ್ ಕಾಲದ ಪ್ರವಾಸೋದ್ಯಮದ ಕಥೆಯನ್ನು ಸಾಮಾನ್ಯವಾಗಿ ಖಾಲಿ ಕಡಲತೀರ, ಮುಚ್ಚಿದ ಹೋಟೆಲುಗಳ ಮೂಲಕ ಹೇಳುತ್ತಾರೆ. ನನಗೆ ಈ ಎರಡು ಗೆರೆಗಳೇ ಹೆಚ್ಚು ಹೇಳುತ್ತವೆ ಅನ್ನಿಸುತ್ತದೆ.

ಈ ಒಕ್ಕಲಿನವರು ಯಾರು? ಪಟ್ಟಾಯ, ಹುವಾ ಹಿನ್, ಚಿಯಾಂಗ್ ಮಾಯ್, ಫುಕೆಟ್, ಈಶಾನ್ಯದ ಉದಾನ್ ಥಾನಿ ಕಡೆ ಹೋದರೆ ಕಾಣುತ್ತಾರೆ: ಬ್ರಿಟನ್, ಜರ್ಮನಿ, ಸ್ಕ್ಯಾಂಡಿನೇವಿಯ, ಅಮೆರಿಕ, ಆಸ್ಟ್ರೇಲಿಯದಿಂದ ಬಂದ ಪಿಂಚಣಿದಾರರು. ಕೆಲವರಿಗೆ ಥಾಯ್ ಹೆಂಡತಿ, ಮಕ್ಕಳು, ಕೆಲವರು ಒಂಟಿ. ಇವರೆಲ್ಲ ಕೋಟ್ಯಧೀಶರೆಂಬ ಕಲ್ಪನೆ ತಪ್ಪು. ಥಾಯ್ಲೆಂಡಿನಲ್ಲಿ ನೆಲೆಸಿದ ಬ್ರಿಟಿಷರ ಸರ್ಕಾರಿ ಪಿಂಚಣಿ ವರ್ಷವರ್ಷ ಏರುವುದಿಲ್ಲ. ದೇಶ ಬಿಟ್ಟಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತಿರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಒಂದು ಪೌಂಡಿಗೆ ಅರವತ್ತು, ಎಪ್ಪತ್ತು ಬಾತ್ ಸಿಗುತ್ತಿತ್ತು, 2020ರ ಹೊತ್ತಿಗೆ ನಲವತ್ತರ ಆಸುಪಾಸು. ಊರಿನ ಆರೋಗ್ಯ ವ್ಯವಸ್ಥೆಯೂ ಇವರ ಬೆನ್ನಿಗೆ ಬರುವುದಿಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್ ಅಲ್ಲಿ ವಾಸವಿರುವವರಿಗೆ ಮಾತ್ರ. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಆಸ್ಪತ್ರೆ ಬಿಲ್ಲು ಕಟ್ಟುವುದಿಲ್ಲ.

ವಿಮೆಯ ಷರತ್ತು ಕೋವಿಡ್‌ನಿಂದ ಹುಟ್ಟಿದ್ದಲ್ಲ. 2019ರ ಅಕ್ಟೋಬರ್ 31ರಿಂದಲೇ ಓ-ಎ ವೀಸಾದವರಿಗೆ ಅದು ಕಡ್ಡಾಯವಾಗಿತ್ತು: ಒಳರೋಗಿಯಾಗಿ 4 ಲಕ್ಷ ಬಾತ್, ಹೊರರೋಗಿಯಾಗಿ 40 ಸಾವಿರ. ಇದರ ಜೊತೆಗೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ, ಇಲ್ಲವೆ ತಿಂಗಳಿಗೆ 65 ಸಾವಿರ ಬಾತ್ ಆದಾಯ. ಠೇವಣಿಯನ್ನೂ ಬೇಕಾದಾಗ ಮುಟ್ಟುವಂತಿಲ್ಲ; ವರ್ಷದ ಯಾವ ದಿನವೂ ಅದು 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ‘ಹೇಗೂ ನಮ್ಮ ದುಡ್ಡು ನಿಮ್ಮ ಬ್ಯಾಂಕಿನಲ್ಲಿ ಕೊಳೆಯುತ್ತಿದೆ, ಅದನ್ನೇ ವಿಮೆ ಅಂತ ತಿಳಿದುಕೊಳ್ಳಿ’ ಎಂಬುದು ಮುದುಕರ ವಾದ. ಕೇಳಿದರೆ ನ್ಯಾಯವಾಗಿಯೇ ಇದೆ. ಸರ್ಕಾರ ಕಿವಿಗೊಡಲಿಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿತ್ತು. ನಿವೃತ್ತರಿಗೆ ‘ಓ-ಎ’ ಅಲ್ಲದೆ ಬರೀ ‘ಓ’ ಅನ್ನುವ ವೀಸಾವೂ ಇದೆ. ವಯಸ್ಸು ಅದೇ, ಠೇವಣಿ ಅದೇ, ಇಮಿಗ್ರೇಷನ್ ಕಚೇರಿಯ ಸಾಲೂ ಅದೇ. ವಾಸ್ತವ್ಯ ವಿಸ್ತರಿಸಿಕೊಳ್ಳಲು ಇಬ್ಬರೂ ಕಟ್ಟುವುದು 1,900 ಬಾತ್. ಆದರೆ ‘ಓ’ ಹಿಡಿದವರಿಗೆ ವಿಮೆ ಬೇಡ. ಹಾಗಾಗಿ ಎಪ್ಪತ್ತು ದಾಟಿದ ಎಷ್ಟೋ ಜನ ದೇಶದ ಹೊರಗೆ ಹೋಗಿ ಹಳೆಯ ವೀಸಾವನ್ನು ಬಿಟ್ಟು ‘ಓ’ ಮಾಡಿಸಿಕೊಂಡು ಬಂದರು. ವಿಮಾನದ ಟಿಕೆಟು ಪ್ರೀಮಿಯಂಗಿಂತ ಅಗ್ಗ. ಮಾರ್ಚ್ 2020ರಲ್ಲಿ ಗಡಿ ಮುಚ್ಚಿದಾಗ ಈ ಕಿಂಡಿಯೂ ಮುಚ್ಚಿತು.

ಥಾಯ್ ಸರ್ಕಾರದ ಕಡೆಯಿಂದಲೂ ನೋಡಬೇಕು. 2002ರ ಹೊತ್ತಿಗೆ ದೇಶವಿಡೀ ಜಾರಿಯಾದ ‘30 ಬಾತ್’ ಯೋಜನೆ ಆ ದೇಶದ ಬಡವರಿಗೆ ಆಸ್ಪತ್ರೆಯ ಬಾಗಿಲು ತೆರೆದ ದೊಡ್ಡ ಕೆಲಸ. ಅದು ಥಾಯ್ ಪ್ರಜೆಗಳ ತೆರಿಗೆಯಿಂದ ಥಾಯ್ ಪ್ರಜೆಗಳಿಗೆ. ಸ್ಕೂಟರಿನಿಂದ ಬಿದ್ದ ಪ್ರವಾಸಿಯನ್ನು, ಪಾರ್ಶ್ವವಾಯು ಬಡಿದ ಒಂಟಿ ಮುದುಕನನ್ನು ಸರ್ಕಾರಿ ಆಸ್ಪತ್ರೆ ಬಾಗಿಲಲ್ಲೇ ವಾಪಸ್ ಕಳಿಸಲಾಗದು. ಬಿಲ್ಲು ಕಟ್ಟದೆ ಹೋದರೆ ಆ ಹೊರೆ ಆಸ್ಪತ್ರೆಯ ತಲೆಗೆ. ಅದಕ್ಕಾಗಿಯೇ ವಿದೇಶಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೆಯೇ ದರಪಟ್ಟಿ. ಸರ್ಕಾರದ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿಗೆ ಅವರು ಕಂಡುಕೊಂಡ ಮದ್ದು ಸರಿಯೇ?

ಕೋವಿಡ್ ಬಂದಾಗ ಏನಾಯಿತೆಂದು ನೋಡಿ. ಚೀನಾದ ಹೊರಗೆ ಮೊದಲ ಸೋಂಕು ಪತ್ತೆಯಾದದ್ದು ಥಾಯ್ಲೆಂಡಿನಲ್ಲೇ, 2020ರ ಜನವರಿ 13ರಂದು. ಮಾರ್ಚ್ 26ಕ್ಕೆ ತುರ್ತು ಆಡಳಿತದ ಆದೇಶ, ಏಪ್ರಿಲ್ ಮೊದಲ ವಾರಕ್ಕೆ ಪ್ರಯಾಣಿಕ ವಿಮಾನಗಳಿಗೆ ತಡೆ. ಒಳಗೆ ಸಿಕ್ಕಿಕೊಂಡ ವಿದೇಶಿಯರ ವಿಷಯದಲ್ಲಿ ಸರ್ಕಾರ ಉದಾರವಾಗಿಯೇ ನಡೆದುಕೊಂಡಿತು. ವೀಸಾ ಅವಧಿ ಮುಗಿದರೂ ದಂಡವಿಲ್ಲ ಎಂದು ಸೆಪ್ಟೆಂಬರ್ 26ರವರೆಗೂ ರಿಯಾಯಿತಿ ಕೊಟ್ಟಿತು. ಪಾಡು ಪಟ್ಟವರು ಹೊರಗೆ ಉಳಿದವರು. ಮಗಳ ಮದುವೆಗೆಂದೋ ಶಸ್ತ್ರಚಿಕಿತ್ಸೆಗೆಂದೋ ಊರಿಗೆ ಹೋಗಿದ್ದವರ ಮನೆ, ನಾಯಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಪಟ್ಟಾಯದಲ್ಲಿ. ಅವರು ಮಾತ್ರ ಮ್ಯಾಂಚೆಸ್ಟರಿನಲ್ಲಿ. ವಾಪಸಾಗಲು ರಾಯಭಾರ ಕಚೇರಿಯಿಂದ ಪ್ರವೇಶ ಪತ್ರ, ಹೋಟೆಲಿನಲ್ಲಿ ಹದಿನಾಲ್ಕು ದಿನ ಸ್ವಂತ ಖರ್ಚಿನ ಕ್ವಾರಂಟೈನ್, ಜೊತೆಗೆ ಲಕ್ಷ ಡಾಲರಿನ ಕೋವಿಡ್ ವಿಮೆ. ಥಾಯ್ ಸಂಸಾರವಿದ್ದವರಿಗೆ, ಕೆಲಸದ ಪರವಾನಗಿ ಇದ್ದವರಿಗೆ ಮೊದಲ ಸರದಿ. ನಿವೃತ್ತರ ಸರದಿ ಬಂದದ್ದು ಆ ವರ್ಷದ ಕೊನೆಗೆ.

ಲಸಿಕೆಯಲ್ಲೂ ಇದೇ ಗೊಂದಲ. 2021ರ ಜೂನ್‌ನಲ್ಲಿ ಸಾಮೂಹಿಕ ಲಸಿಕೆ ಶುರುವಾದಾಗ ವಿದೇಶಿ ವೃದ್ಧರು ಎಲ್ಲಿ ಹೆಸರು ಬರೆಸಬೇಕು ಅನ್ನುವುದೇ ಸ್ಪಷ್ಟವಿರಲಿಲ್ಲ. ಕೊನೆಗೆ ಫ್ರಾನ್ಸ್ ತನ್ನ ಪ್ರಜೆಗಳಿಗೆ ತಾನೇ ಜಾನ್ಸನ್ ಲಸಿಕೆ ಕಳಿಸಿಕೊಟ್ಟಿತು.

ಅತ್ತ ಖಜಾನೆ ಒಣಗಿತ್ತು. 2019ರಲ್ಲಿ ಬಂದ ವಿದೇಶಿ ಪ್ರವಾಸಿಗರು ಸುಮಾರು 4 ಕೋಟಿ, 2020ರಲ್ಲಿ 67 ಲಕ್ಷ. 2021ರಲ್ಲಿ? ನಾಲ್ಕೂಕಾಲು ಲಕ್ಷದಷ್ಟು. ಪ್ರಧಾನಿ ಪ್ರಯುತ್ ಚಾನ್-ಓ-ಚಾ ಆ ಜೂನ್‌ನಲ್ಲಿ ಟಿವಿಯಲ್ಲಿ ಬಂದು 120 ದಿನದೊಳಗೆ ದೇಶ ತೆರೆಯುತ್ತೇವೆಂದರು. ಜುಲೈ 1ರಂದು ‘ಫುಕೆಟ್ ಸ್ಯಾಂಡ್‌ಬಾಕ್ಸ್’ ಶುರು: ಲಸಿಕೆ ಹಾಕಿಸಿಕೊಂಡವರು ನೇರ ದ್ವೀಪಕ್ಕೆ ಬಂದಿಳಿಯಬಹುದು, ಕೋಣೆಯೊಳಗೆ ಕೂರಬೇಕಿಲ್ಲ, ಹದಿನಾಲ್ಕು ದಿನ ದ್ವೀಪ ಬಿಡಬಾರದು ಅಷ್ಟೆ. ಉದ್ಘಾಟನೆಗೆ ಹೋದ ಪ್ರಧಾನಿ ವಾರದೊಳಗೆ ತಾವೇ ಕ್ವಾರಂಟೈನ್ ಆಗಬೇಕಾಯಿತು. ಅಲ್ಲಿ ಅವರ ಜೊತೆ ಫೋಟೊಕ್ಕೆ ನಿಂತವರೊಬ್ಬರಿಗೆ ಸೋಂಕು ತಗುಲಿತ್ತು. ಆಗಸ್ಟ್‌ನಲ್ಲಿ ಸೋಂಕು ಏರಿದಾಗ ಫುಕೆಟ್ ಬಾಗಿಲು ಹಾಕಿಕೊಂಡಿತು. ಯಾರಿಗೆ? ಥಾಯ್ಲೆಂಡಿನ ಉಳಿದ ಜಿಲ್ಲೆಗಳ ಜನರಿಗೆ. ಹೊರದೇಶದ ವಿಮಾನಗಳು ಇಳಿಯುತ್ತಲೇ ಇದ್ದವು.

ಇಷ್ಟೆಲ್ಲದರ ನಡುವೆ ‘ವಿಮೆ ಇದ್ದರೆ ಎಲ್ಲ ಸರಿ’ ಎಂಬ ನಂಬಿಕೆಗೇ ಪೆಟ್ಟು ಬಿತ್ತು, ಅದೂ ಥಾಯ್ಲೆಂಡಿನ ಒಳಗೆ. ಅಲ್ಲಿನ ವಿಮಾ ಕಂಪನಿಗಳು ಕೆಲವೇ ನೂರು ಬಾತ್ ಪ್ರೀಮಿಯಂಗೆ ‘ಬಂತು, ಕೊಟ್ಟೆವು, ಮುಗೀತು’ ಅನ್ನುವಂಥ ಹೆಸರಿನ ಪಾಲಿಸಿ ಮಾರಿದ್ದವು: ಕೋವಿಡ್ ದೃಢಪಟ್ಟರೆ ಸಾಕು, 50 ಸಾವಿರವೋ 1 ಲಕ್ಷವೋ ಬಾತ್ ಒಂದೇ ಕಂತಿನಲ್ಲಿ ಕೈಗೆ. 2020ರಲ್ಲಿ ಸೋಂಕು ಕಡಿಮೆಯಿತ್ತು, ವ್ಯಾಪಾರ ಭರ್ಜರಿಯಾಯಿತು. ಡೆಲ್ಟಾ ತಳಿ ಬಂದಾಗ ಕ್ಲೇಮುಗಳು ಸುರಿದವು. ಒಂದು ಕಂಪನಿ ಪಾಲಿಸಿಗಳನ್ನು ಏಕಪಕ್ಷೀಯವಾಗಿ ರದ್ದು ಮಾಡಹೊರಟು, ನಿಯಂತ್ರಣ ಆಯೋಗದ ತಡೆಯಿಂದ ಹಿಂದೆ ಸರಿಯಿತು. ಏಷ್ಯಾ ಇನ್ಶೂರೆನ್ಸ್, ದಿ ಒನ್ ಇನ್ಶೂರೆನ್ಸ್ 2021ರಲ್ಲೇ ಪರವಾನಗಿ ಕಳೆದುಕೊಂಡವು. 2022ರಲ್ಲಿ ಸೌತ್‌ಈಸ್ಟ್ ಇನ್ಶೂರೆನ್ಸ್, ಥಾಯ್ ಇನ್ಶೂರೆನ್ಸ್ ಮುಳುಗಿದವು. ಸರ್ಕಾರ ಯಾವ ಕಾಗದವನ್ನು ಭದ್ರತೆ ಎಂದು ಕೇಳುತ್ತಿತ್ತೋ, ಅದೇ ಕಾಗದ ಮಾರುವ ಉದ್ಯಮದ ಗತಿ ಇದು.

ಪ್ರವಾಸಿಗರಿಗೂ ಬಿಸಿ ತಟ್ಟಿತು. ಸೋಂಕು ಇದೆ, ಲಕ್ಷಣವಿಲ್ಲ. ನಿಯಮದ ಪ್ರಕಾರ ಆಸ್ಪತ್ರೆಗೋ ಅದರ ನಿಗಾದ ಹೋಟೆಲಿಗೋ ಸೇರಲೇಬೇಕು. ಬಿಲ್ಲು ಬಂದಾಗ ವಿಮೆಯವರು ‘ಇದು ಚಿಕಿತ್ಸೆಯಲ್ಲ, ಬರೀ ಪ್ರತ್ಯೇಕವಾಸ’ ಎಂದು ಕೈಯೆತ್ತುತ್ತಿದ್ದರು. ಅದಾದರೂ ಹತ್ತು ದಿನದ ರಗಳೆ. ಎಪ್ಪತ್ತೈದರ ಒಕ್ಕಲಿಗೆ ಪಾಲಿಸಿ ಸಿಗುವುದೇ ಕಷ್ಟ. ವಿಮೆ ಅನ್ನುವುದು ಕಾಯಿಲೆ ಬರುವ ಮುಂಚೆ ಮಾರುವ ಸರಕು. ಬಿಪಿ, ಶುಗರ್, ಹೃದಯದಲ್ಲೊಂದು ಸ್ಟೆಂಟ್ ಇರುವವನು ಅರ್ಜಿ ಹಾಕಿದರೆ ಕಂಪನಿ ಆ ಮೂರನ್ನೂ ಹೊರಗಿಟ್ಟು ಉಳಿದ ದೇಹಕ್ಕೆ ಪಾಲಿಸಿ ಬರೆಯುತ್ತದೆ. ಆ ಮೂರರಿಂದಲೇ ಅವನು ಆಸ್ಪತ್ರೆ ಸೇರುವವನು. ಆಗ ಬಿಲ್ಲು ಮತ್ತೆ ಬಾಕಿ, ಹೊರೆ ಮತ್ತೆ ಸರ್ಕಾರಿ ಆಸ್ಪತ್ರೆಯ ತಲೆಗೆ. ಇಮಿಗ್ರೇಷನ್ ಕಡತದಲ್ಲಿ ಮಾತ್ರ ಎಲ್ಲ ಸರಿಯಾಗಿದೆ.

2021ರ ಹೊಸ ನಿಯಮದಲ್ಲಿ ಇದಕ್ಕೊಂದು ದಾರಿ ಇಟ್ಟಿದ್ದರು: ವಿಮಾ ಕಂಪನಿಯೇ ನಿರಾಕರಿಸಿದರೆ ಆ ಪತ್ರವನ್ನೂ, 30 ಲಕ್ಷ ಬಾತ್ ಠೇವಣಿ ಅಥವಾ ಅಷ್ಟು ಬೆಲೆಯ ಆಸ್ತಿಪತ್ರವನ್ನೂ ತೋರಿಸಬಹುದು. ಅಷ್ಟು ದುಡ್ಡಿದ್ದವನಿಗೆ ಈ ಚಿಂತೆಯೇ ಇರುತ್ತಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಹತ್ತು ವರ್ಷದ ದೀರ್ಘಾವಧಿ ವೀಸಾ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ 80 ಸಾವಿರ ಡಾಲರ್ ಆದಾಯವಿರುವ ‘ಶ್ರೀಮಂತ ಪಿಂಚಣಿದಾರ’ರಿಗೆ 50 ಸಾವಿರ ಡಾಲರಿನ ವಿಮೆ ಸಾಕು. ಅಂದರೆ ಆಗ ಬಡ ಮುದುಕ ತೋರಿಸಬೇಕಿದ್ದದ್ದರ ಅರ್ಧ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಮ್ಯಾನ್ಮಾರ್, ಲಾವೋಸ್, ಕಾಂಬೋಡಿಯದಿಂದ ಬರುವ ಕೂಲಿಗಳಿಗೆ ಥಾಯ್ ಆರೋಗ್ಯ ಸಚಿವಾಲಯವೇ ವರ್ಷಕ್ಕೆ ಎರಡು ಸಾವಿರ ಬಾತ್ ಆಸುಪಾಸಿನ ಆರೋಗ್ಯ ಕಾರ್ಡ್ ಮಾರುತ್ತಾ ಬಂದಿದೆ. ಅವರು ಹರೆಯದವರು, ಖರ್ಚು ಕಡಿಮೆ, ನಿಜ. ಮುದುಕರ ಕಾರ್ಡಿಗೆ ಅದರ ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಬೆಲೆ ಇಡಲಿ. ಹಳೇ ಕಾಯಿಲೆ, ಹೊಸ ಕಾಯಿಲೆ ಅನ್ನದೆ ಎಲ್ಲರನ್ನೂ ಸೇರಿಸಿಕೊಳ್ಳಲಿ. ಕಟ್ಟುವವರು ಸಾಲುಗಟ್ಟುತ್ತಿದ್ದರು, ಆಸ್ಪತ್ರೆಗೆ ದುಡ್ಡೂ ಬರುತ್ತಿತ್ತು. ಖಾಸಗಿ ಕಂಪನಿಗಳ ಪಾಲಿಸಿಗೆ ಕಡ್ಡಾಯದ ಮುದ್ರೆ ಒತ್ತುವುದಕ್ಕಿಂತ ಇದು ಮೇಲು ಎಂದು ನನ್ನ ಎಣಿಕೆ.

ಇದೆಲ್ಲ ಬಿಳಿಯರ ತಾಪತ್ರಯ, ನಮಗೇನು ಅನ್ನುವ ಹಾಗಿಲ್ಲ. 2024ರಲ್ಲಿ ಥಾಯ್ಲೆಂಡಿಗೆ ಹೋದ ಭಾರತೀಯರೇ 20 ಲಕ್ಷ ಮೀರಿದರು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನವಿದೆ. 2023ರ ಜನವರಿಯಲ್ಲಿ ಆ ದೇಶದಿಂದ ಬರುವವರಿಗೆ ಭಾರತ ಆರ್‌ಟಿಪಿಸಿಆರ್ ಕಡ್ಡಾಯ ಮಾಡಿದಾಗ, ಮುಗಿದೇ ಹೋಗಿದ್ದ 10 ಸಾವಿರ ಡಾಲರಿನ ವಿಮೆಯ ಷರತ್ತು ನಮ್ಮವರ ಮಟ್ಟಿಗೆ ಸ್ವಲ್ಪ ಕಾಲ ಮತ್ತೆ ಎದ್ದು ಬಂದಿತ್ತು. ಇನ್ನು ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರ ಪಾಡು ಪಟ್ಟಾಯದ ಮುದುಕರದ್ದಕ್ಕಿಂತ ಬೇರೆಯಲ್ಲ. ಅವರಿಗೆ ಕೊಡಿಸುವ ಸಂದರ್ಶಕರ ವಿಮೆ ಸಾಮಾನ್ಯವಾಗಿ ಹಳೆಯ ಕಾಯಿಲೆಯನ್ನು ಮುಟ್ಟುವುದಿಲ್ಲ. ಅರವತ್ತೈದು ದಾಟಿ ಗ್ರೀನ್ ಕಾರ್ಡ್ ಪಡೆದರೂ ಐದು ವರ್ಷ ನಿರಂತರ ವಾಸವಿಲ್ಲದೆ ಮೆಡಿಕೇರ್ ಕೊಳ್ಳಲಾಗದು. ಇತ್ತ ನಮ್ಮ ದೇಶದಲ್ಲಿ ಕಾಲ ಸ್ವಲ್ಪ ಬದಲಾಗಿದೆ. 2024ರ ಏಪ್ರಿಲ್‌ನಿಂದ ವಯಸ್ಸಿನ ಕಾರಣಕ್ಕೆ ವಿಮಾ ಕಂಪನಿಗಳು ಆರೋಗ್ಯ ಪಾಲಿಸಿ ನಿರಾಕರಿಸುವಂತಿಲ್ಲ. ಎಪ್ಪತ್ತು ತುಂಬಿದವರಿಗೆ ಆ ವರ್ಷದ ಅಕ್ಟೋಬರ್‌ನಿಂದ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ರಕ್ಷಣೆ ಘೋಷಣೆಯಾಗಿದೆ. ವಿಮಾನ ಹತ್ತಿದ ಮೇಲೆ ಇದಾವುದೂ ಜೊತೆಗೆ ಬರುವುದಿಲ್ಲ.

ಥಾಯ್ಲೆಂಡಿಗೂ ತನ್ನ ಲೆಕ್ಕ ಹೆಚ್ಚಾಯಿತೆಂದು ಅನ್ನಿಸಿರಬೇಕು. ಓ-ಎ ವೀಸಾದ ವಿಮೆಯನ್ನು 30 ಲಕ್ಷದಿಂದ ಹಳೆಯ 4 ಲಕ್ಷ ಮತ್ತು 40 ಸಾವಿರ ಬಾತ್‌ಗೆ ಇಳಿಸುವ ಪ್ರಸ್ತಾವಕ್ಕೆ 2024ರ ಮೇ 28ರಂದು ಅಲ್ಲಿನ ಸಂಪುಟ ಒಪ್ಪಿಗೆ ಕೊಟ್ಟಿತು. ಮೊತ್ತ ಇಳಿಸಿದರೂ ಹಳೆಯ ಕಾಯಿಲೆಯ ಪ್ರಶ್ನೆ ಇದ್ದಲ್ಲೇ ಇದೆ. ಆದ್ದರಿಂದ ಹಿರಿಯರನ್ನು ಹೊರದೇಶಕ್ಕೆ ಕರೆದೊಯ್ಯುವವರು ಟಿಕೆಟ್ ಮಾಡಿಸುವ ಮುಂಚೆ ವಿಮಾ ಏಜೆಂಟರನ್ನು ಎರಡು ಮಾತು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ: ಈಗಾಗಲೇ ಇರುವ ಬಿಪಿ, ಶುಗರ್, ಹೃದಯದ ತೊಂದರೆ ಉಲ್ಬಣಿಸಿದರೆ ದುಡ್ಡು ಕೊಡುತ್ತೀರಾ? ಆಸ್ಪತ್ರೆಗೆ ನೀವೇ ಕಟ್ಟುತ್ತೀರಾ, ಇಲ್ಲ ನಾವು ಕಟ್ಟಿ ಆಮೇಲೆ ಕ್ಲೇಮು ಹಾಕಬೇಕಾ?