ಕೋಟಿಗಳ ಹೊರೆ ಹೊತ್ತ ಪ್ರತಿಭೆ: ಬೆನ್ ಸಿಮನ್ಸ್

ಒಬ್ಬ ಆಟಗಾರ, ಐದು ಋತು, ಸುಮಾರು 17.7 ಕೋಟಿ ಡಾಲರ್! ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡ 2019ರ ಜುಲೈನಲ್ಲಿ ಬೆನ್ ಸಿಮನ್ಸ್ ಜೊತೆ ಮಾಡಿಕೊಂಡ ಒಪ್ಪಂದದ ಮೌಲ್ಯವಿದು. ಆಗ ಅವರ ವಯಸ್ಸು 23ರ ಹೊಸ್ತಿಲಲ್ಲಿತ್ತು.

ಆ ಪ್ರತಿಭೆಯಾದರೂ ಸಾಮಾನ್ಯವೇ? ಎತ್ತರ 6 ಅಡಿ 10 ಅಂಗುಲ. ಅಷ್ಟು ಎತ್ತರದವರು ಸಾಮಾನ್ಯವಾಗಿ ಬುಟ್ಟಿಯ ಕೆಳಗೆ ಕಾವಲು ನಿಲ್ಲುತ್ತಾರೆ. ಸಿಮನ್ಸ್ ಮಾತ್ರ ಚೆಂಡನ್ನು ತಾವೇ ಪುಟಿಸುತ್ತ ಅಂಕಣದುದ್ದಕ್ಕೂ ಮಿಂಚಿನಂತೆ ಸಾಗಿ, ಸಹ ಆಟಗಾರರಿಗೆ ಕಣ್ಣಳತೆ ತಪ್ಪದ ಪಾಸ್ ಕೊಡುತ್ತಿದ್ದರು. ಮೆಲ್ಬರ್ನ್‌ನಲ್ಲಿ ಜನಿಸಿದ ಅವರಿಗೆ ಆಟ ಪಿತ್ರಾರ್ಜಿತ. ತಂದೆ ಡೇವ್ ಸಿಮನ್ಸ್ ಮೆಲ್ಬರ್ನ್ ಟೈಗರ್ಸ್ ತಂಡದಲ್ಲಿ ಆಡಿದವರು. ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2016ರಲ್ಲಿ ಸಿಮನ್ಸ್‌ಗೆ ಸಂದದ್ದು ಪ್ರಥಮ ಸ್ಥಾನ. ಪಾದದ ಮೂಳೆ ಮುರಿದು ಒಂದು ಋತು ಕಳೆದುಹೋದರೂ, 2018ರಲ್ಲಿ ವರ್ಷದ ಶ್ರೇಷ್ಠ ನವ ಆಟಗಾರ ಪ್ರಶಸ್ತಿ ಅವರದಾಯಿತು. ಮುಂದೆ ಸತತ ಮೂರು ಬಾರಿ ಆಲ್‌ಸ್ಟಾರ್ ಗೌರವ. 2020 ಮತ್ತು 2021ರಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣಾ ಪಂಕ್ತಿಯಲ್ಲಿ ಸ್ಥಾನ.

ಇಷ್ಟೊಂದು ಹಣ ಬಂದದ್ದಾದರೂ ಎಲ್ಲಿಂದ? 1981ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಮ್ಯಾಜಿಕ್ ಜಾನ್ಸನ್‌ಗೆ 25 ವರ್ಷಕ್ಕೆ 2.5 ಕೋಟಿ ಡಾಲರ್ ಎಂದಾಗ ಕ್ರೀಡಾಲೋಕ ಬೆಕ್ಕಸ ಬೆರಗಾಗಿತ್ತು. ಸಿಮನ್ಸ್ ಒಪ್ಪಂದದ ಪ್ರತಿಯೊಂದು ವರ್ಷದ ವೇತನವೂ ಆ ಇಡೀ ಮೊತ್ತವನ್ನು ಮೀರಿಸಿದೆ. ಈ ಉಬ್ಬರಕ್ಕೆ ಮುಖ್ಯ ಕಾರಣ ದೂರದರ್ಶನ ಪ್ರಸಾರದ ಹಕ್ಕು: ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್. ಪರಿಣಾಮವಾಗಿ 2016ರಲ್ಲಿ ತಂಡವೊಂದರ ವೇತನ ಮಿತಿ 7 ಕೋಟಿಯಿಂದ 9.4 ಕೋಟಿ ಡಾಲರ್‌ಗೆ ಒಮ್ಮೆಲೇ ಜಿಗಿಯಿತು. ಯುವ ತಾರೆಗೆ ಈ ಮಿತಿಯ ಶೇ 25ರಷ್ಟು, ವಿಶೇಷ ಸಾಧನೆ ತೋರಿದರೆ ಶೇ 30ರವರೆಗೂ ಕೊಡಬಹುದೆಂಬುದು ನಿಯಮ. ಹರಾಜಿನಲ್ಲಿ ಕೂಗಿದ ಬೆಲೆ ಇದಲ್ಲ. ಫಿಲಡೆಲ್ಫಿಯಾ ಕೊಡದಿದ್ದರೆ ಇನ್ನೊಂದು ತಂಡ ಮುಂದೆ ಬರುತ್ತಿತ್ತು. ಆದ್ದರಿಂದ ಅಂದಿನ ನಿರ್ಧಾರವನ್ನು ಮೂರ್ಖತನ ಎನ್ನಲಾಗದು.

ಕೊರತೆಯೊಂದಿತ್ತು, ಅದು ಎಲ್ಲರಿಗೂ ಗೊತ್ತಿತ್ತು: ದೂರದಿಂದ ಚೆಂಡೆಸೆಯಲು ಸಿಮನ್ಸ್ ಹಿಂಜರಿಯುತ್ತಿದ್ದರು. 2021ರ ಪ್ಲೇಆಫ್‌ನಲ್ಲಿ ಅವರು ಪಡೆದ 73 ಫ್ರೀ ಥ್ರೋಗಳಲ್ಲಿ ಬುಟ್ಟಿ ಸೇರಿದ್ದು 25 ಮಾತ್ರ. ಜೂನ್ 20ರಂದು ತವರಿನಲ್ಲೇ ಅಟ್ಲಾಂಟಾ ಹಾಕ್ಸ್ ವಿರುದ್ಧ ನಿರ್ಣಾಯಕ ಏಳನೇ ಪಂದ್ಯ. ಉಳಿದದ್ದು ಮೂರೂವರೆ ನಿಮಿಷ, ಹಿನ್ನಡೆ ಎರಡೇ ಅಂಕ. ಬುಟ್ಟಿಯ ಬುಡದಲ್ಲಿ ನಿಂತ ಸಿಮನ್ಸ್‌ಗೆ ಎದುರಾಗಿದ್ದವರು ಅವರಿಗಿಂತ ಬಹಳ ಕುಳ್ಳಾದ ಟ್ರೇ ಯಂಗ್. ನೆಗೆದು ಡಂಕ್ ಮಾಡಿದ್ದರೆ ಪಂದ್ಯ ಸಮವಾಗುತ್ತಿತ್ತು. ಅವರು ಚೆಂಡನ್ನು ಪಕ್ಕದಲ್ಲಿದ್ದ ಮಟೀಸ್ ಥೈಬುಲ್‌ಗೆ ದಾಟಿಸಿಬಿಟ್ಟರು. ಫೌಲ್‌ಗೆ ಸಿಕ್ಕ ಎರಡು ಎಸೆತಗಳಲ್ಲಿ ಥೈಬುಲ್ ಒಂದನ್ನಷ್ಟೇ ಗಳಿಸಿದರು. ತಂಡ 96–103ರಿಂದ ಸೋತಿತು. ಇಂಥ ಆಟಗಾರನನ್ನು ಮುಂದಿಟ್ಟುಕೊಂಡು ಪ್ರಶಸ್ತಿ ಗೆಲ್ಲಬಹುದೇ ಎಂಬ ಪ್ರಶ್ನೆಗೆ ತಮ್ಮ ಬಳಿ ಉತ್ತರವಿಲ್ಲ ಎಂದರು ಕೋಚ್ ಡಾಕ್ ರಿವರ್ಸ್.

ಮುಂದಿನ ಋತುವಿನಲ್ಲಿ ಸಿಮನ್ಸ್ ಅಂಕಣಕ್ಕೇ ಇಳಿಯಲಿಲ್ಲ. ಮಾನಸಿಕ ಆರೋಗ್ಯದ ಕಾರಣ ನೀಡಿದರು. ತಂಡ ದಂಡ ವಿಧಿಸಿತು. 2022ರ ಫೆಬ್ರುವರಿಯಲ್ಲಿ ಜೇಮ್ಸ್ ಹಾರ್ಡನ್‌ಗೆ ಬದಲಾಗಿ ಅವರನ್ನು ಬ್ರೂಕ್ಲಿನ್ ನೆಟ್ಸ್‌ಗೆ ಕಳುಹಿಸಲಾಯಿತು. ಅಷ್ಟರಲ್ಲಿ ಬೆನ್ನು ಕೈಕೊಟ್ಟಿತ್ತು. 2022ರ ಮೇ ತಿಂಗಳಲ್ಲಿ ಒಂದು ಶಸ್ತ್ರಚಿಕಿತ್ಸೆ, 2024ರ ಮಾರ್ಚ್‌ನಲ್ಲಿ ಮತ್ತೊಂದು. 2023–24ರಲ್ಲಿ ಅವರ ವೇತನ ಸುಮಾರು 3.79 ಕೋಟಿ ಡಾಲರ್. ಆಡಿದ್ದು 15 ಪಂದ್ಯ. ಲೆಕ್ಕ ಹಾಕಿದರೆ ಪಂದ್ಯಕ್ಕೆ 25 ಲಕ್ಷ ಡಾಲರ್ ದಾಟುತ್ತದೆ. ಬೆನ್ನುನೋವನ್ನು ಸೋಮಾರಿತನವೆಂದು ಹಂಗಿಸಿದವರಿಗೂ ಕೊರತೆಯಿರಲಿಲ್ಲ, ಅದು ಅನ್ಯಾಯ. ಆದರೆ ಎಸೆಯುವ ಅಳುಕು ಬೆನ್ನು ಕೆಡುವ ಮೊದಲೇ ಇತ್ತು. ಅದನ್ನು ತಿದ್ದಿಕೊಳ್ಳಲು ಕಾಲಾವಕಾಶವೂ ಧಾರಾಳವಾಗಿತ್ತು.

2025ರ ಫೆಬ್ರುವರಿಯಲ್ಲಿ ನೆಟ್ಸ್ ಒಪ್ಪಂದವನ್ನು ಅವಧಿಗೆ ಮುನ್ನವೇ ಇತ್ಯರ್ಥಪಡಿಸಿತು; ಸಿಮನ್ಸ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿ 18 ಪಂದ್ಯ ಆಡಿದರು. 2020–21ರಿಂದ ಅನ್ವಯವಾದ ಆ ಮಹಾ ಒಪ್ಪಂದದ ಐದು ಋತುಗಳ ಲೀಗ್ ಹಂತದಲ್ಲಿ ಒಂದು ತಂಡ ಆಡಬೇಕಿದ್ದ ಪಂದ್ಯಗಳು 400. ಬೆನ್ ಸಿಮನ್ಸ್ ಅಂಕಣಕ್ಕಿಳಿದದ್ದು 166ರಲ್ಲಿ.