ಕೆಂಪು ಮಣ್ಣಿನ ಕಾಣದ ಕೊರತೆ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಮುತ್ತ ಶೇಂಗಾ ಬೆಳೆ ಕೈಕೊಟ್ಟರೆ ರೈತರು ಮೊದಲು ದೂರುವುದು ಮಳೆಯನ್ನು. ಅದು ತಪ್ಪೇನಲ್ಲ. ಆದರೆ ಕಾಯಿ ಸುಲಿದು ಬೀಜವನ್ನು ಎರಡು ಬೇಳೆಯಾಗಿ ಸೀಳಿ ನೋಡಿ. ನಡುವೆ ಕಂದು ಬಣ್ಣದ ಗುಳಿ ಇದ್ದರೆ ಅದು ಬೋರಾನ್ ಕೊರತೆಯ ಗುರುತು.

ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ಸುದ್ದಿಯನ್ನಷ್ಟೇ ಹೇಳುತ್ತದೆ. ಉಳಿದ ಧಾತುಗಳು ಕಣ್ಣಿಗೆ ಕಾಣವು. ರಾಜ್ಯ ಸರ್ಕಾರ 2009ರಲ್ಲಿ ‘ಭೂಚೇತನ’ ಯೋಜನೆ ಆರಂಭಿಸಿದಾಗ ಮೊದಲ ಜಿಲ್ಲೆಗಳ ಪಟ್ಟಿಯಲ್ಲಿ ಚಿತ್ರದುರ್ಗವೂ ಇತ್ತು. ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ಕರ್ನಾಟಕದ ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿ ಕಂಡುಬಂತು. ವರ್ಷ ವರ್ಷವೂ ಬರೀ ಡಿಎಪಿ ಸುರಿದರೆ ಈ ಮೂರೂ ದೊರೆಯವು. ಬೋರಾನ್ ಬೇಕಾಗುವುದು ಹೆಕ್ಟೇರಿಗೆ ಅರ್ಧ ಕಿಲೋದಷ್ಟು ಮಾತ್ರ. ಹೆಚ್ಚಾದರೆ ಬೆಳೆಗೆ ವಿಷ. ಆದ್ದರಿಂದಲೇ ಪರೀಕ್ಷೆ ಮೊದಲು, ಗೊಬ್ಬರ ಆಮೇಲೆ.

ಮಣ್ಣು ತೆಗೆಯುವಲ್ಲೇ ಅರ್ಧ ಪರೀಕ್ಷೆ ಅಡಗಿದೆ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ಬದು, ತಿಪ್ಪೆ, ಮರದ ಬುಡ ಬಿಟ್ಟು ಎಂಟು ಹತ್ತು ಕಡೆ ‘ವಿ’ ಆಕಾರದ ಗುಂಡಿ ತೋಡಿ, 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಕೆರೆದು, ಚೆನ್ನಾಗಿ ಬೆರೆಸಿ, ಅರ್ಧ ಕಿಲೋ ಕಳಿಸಬೇಕು. ಬೆರೆಸಲು ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಸತು ಲೇಪಿಸಿದ ತಗಡಿನ ಬಕೆಟ್ ಬಳಸಿದರೆ ಪ್ರಯೋಗಾಲಯದವರು ಹೊಲದ ಜೊತೆಗೆ ಬಕೆಟ್ಟಿನ ಸತುವನ್ನೂ ಅಳೆದು ಕಳಿಸುತ್ತಾರೆ!