ಹಲ್ಲಿಗೊಂದು ಗಾಜಿನ ತೋಟ

ಇಂಗ್ಲೆಂಡಿನಲ್ಲಿ ಹೈಸ್ಕೂಲು ಓದುತ್ತಿರುವ ನನ್ನ ಮೊಮ್ಮಗನು ಕಳೆದ ವರ್ಷ ದೂರವಾಣಿಯಲ್ಲಿ ಕೇಳಿದನು: “ಅಜ್ಜಾ, ಗಾಜಿನ ಪೆಟ್ಟಿಗೆಯಲ್ಲಿ ಗಿಡ ನೆಟ್ಟು ಹಲ್ಲಿ ಸಾಕಬೇಕೆಂದಿದ್ದೇನೆ. ಹೇಗೆ ಮಾಡಲಿ?” ಉತ್ತರಿಸುವ ಮೊದಲು ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಕಿಟಕಿ ನನ್ನ ಕಣ್ಣ ಮುಂದೆ ಬಂದಿತು. ಅದರ ಕಾರಣವನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಆಗ ನಾನು ಇಲ್ಲಿ ಸಹಶಿಕ್ಷಕನಾಗಿದ್ದೆ. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯ ಹುಡುಕಾಟದ ಕಾದಂಬರಿ. ಅದರ ಕಥೆಯನ್ನು ತರಗತಿಯಲ್ಲಿ ಹೇಳಿದ ಮರುವಾರವೇ ಹುಡುಗನೊಬ್ಬನು ತನ್ನ ಮನೆಯ ಅಡಿಕೆ ತೋಟದಿಂದ ಅಂತಹುದೇ ಓತಿಯನ್ನು ಹಿಡಿದು ತಂದನು. ನಮ್ಮ ಕಾಸರಗೋಡು ಸೀಮೆಯ ತೋಟಗಳಲ್ಲಿ ಅದು ತೀರ ಅಪರೂಪದ ಪ್ರಾಣಿಯಲ್ಲ. ಪಕ್ಕೆಲುಬುಗಳ ಆಧಾರದಲ್ಲಿ ಹರಡುವ ಚರ್ಮದ ರೆಕ್ಕೆಯಿಂದ ಅದು ಮರದಿಂದ ಮರಕ್ಕೆ ತೇಲುತ್ತದೆ. ಮರದ ಮೇಲಿನ ಇರುವೆಗಳೇ ಅದರ ಮುಖ್ಯ ಆಹಾರ. ನಾನು ಅದನ್ನು ಮಣ್ಣು ಹಾಗೂ ಎರಡು ಗಿಡಗಳಿದ್ದ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ, ಬೆಳಕು ಬರಲೆಂದು ಕಿಟಕಿಯಲ್ಲಿರಿಸಿದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿತು. ಸಂಜೆಯ ಗಂಟೆ ಬಾರಿಸುವಾಗ ಓತಿ ಸತ್ತಿತ್ತು. ತಂದ ಹುಡುಗನೇ ಅದನ್ನೊಯ್ದು ಅಡಿಕೆ ಮರದ ಬುಡದಲ್ಲಿ ಹೂತನು. ನನ್ನೊಡನೆ ಮಾತಾಡಲಿಲ್ಲ.

ನನ್ನ ತಪ್ಪೇನು? ಗಿಡಕ್ಕೆ ಸಾಕಾದುದು ಪ್ರಾಣಿಗೂ ಸಾಕೆಂದು ಭಾವಿಸಿದ್ದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬವರು ಪತಂಗದ ಕೋಶವೊಂದನ್ನು ಗಾಜಿನ ಸೀಸೆಯ ತೇವದ ಮಣ್ಣಿನಲ್ಲಿ ಮುಚ್ಚಿಟ್ಟಾಗ, ಅದರೊಳಗೆ ಜರೀಗಿಡ ಮೊಳೆಯಿತು. ಆವಿಯಾದ ನೀರು ಗಾಜಿಗೆ ತಾಗಿ ಮರಳಿ ಮಣ್ಣಿಗಿಳಿಯುತ್ತಿದ್ದುದರಿಂದ ಗಿಡ ಬದುಕಿತು. ಆದರೆ ಹಲ್ಲಿ, ಓತಿಗಳು ಶೀತರಕ್ತ ಪ್ರಾಣಿಗಳು. ಬಿಸಿಯಾದರೆ ತಂಪಿಗೆ, ತಂಪಾದರೆ ಬಿಸಿಗೆ ಸರಿದೇ ಅವು ದೇಹದ ಶಾಖವನ್ನು ಕಾಪಾಡಿಕೊಳ್ಳಬೇಕು. ನನ್ನ ಪೆಟ್ಟಿಗೆಯಲ್ಲಿ ಸರಿದುಕೊಳ್ಳಲು ತಂಪಿನ ಮೂಲೆಯೇ ಇರಲಿಲ್ಲ.

ಆದುದರಿಂದ ಮೊಮ್ಮಗನಿಗೆ ಹೀಗೆ ತಿಳಿಸಿದೆ: ಮೊದಲು ಜೀವಿಯ ಹುಟ್ಟೂರನ್ನು ತಿಳಿದುಕೋ, ಅನಂತರ ಪೆಟ್ಟಿಗೆ ಕಟ್ಟು. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿ ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣ ಕಲ್ಲುನೆಲದ್ದು. ಸದಾ ತೇವದ ಹಸುರು ಅದಕ್ಕೆ ಒಗ್ಗದು. ಹಸುರು ಪೆಟ್ಟಿಗೆಗೆ ಒಪ್ಪುವುದು ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕ್ಕೊ. ಅಳಿದೇ ಹೋಯಿತೆಂದು ಭಾವಿಸಲಾಗಿದ್ದ ಈ ಹಲ್ಲಿ 1994ರಲ್ಲಿ ಮತ್ತೆ ಪತ್ತೆಯಾಯಿತು. 22ರಿಂದ 26 ಡಿಗ್ರಿ ಸೆಲ್ಸಿಯಸ್ ಶಾಖ ಅದಕ್ಕೆ ಹಿತ. ಹಣ್ಣಿನ ತಿರುಳನ್ನೂ ಕೀಟಗಳನ್ನೂ ತಿನ್ನುತ್ತದೆ. ಕಾಡಿನಿಂದ ಹಿಡಿದುದು ಬೇಡ, ಸಾಕಣೆಯಲ್ಲಿ ಹುಟ್ಟಿದ ಮರಿಯೊಂದೇ ಸಾಕು. ಎರಡು ಗಂಡುಗಳು ಕಾದಾಡುತ್ತವೆ.

ಅದು ಮರ ಹತ್ತುವ ಜೀವಿಯಾದುದರಿಂದ ಪೆಟ್ಟಿಗೆ 45 ಸೆಂಟಿಮೀಟರ್ ಅಗಲವಿದ್ದರೆ 60 ಸೆಂಟಿಮೀಟರ್ ಎತ್ತರವಿರಬೇಕು. ಬೇರು ಕೊಳೆಯದಂತೆ ತಳದಲ್ಲಿ ಎರಡು ಅಂಗುಲ ಜಲ್ಲಿ, ಮೇಲೊಂದು ಬಲೆ, ಅದರ ಮೇಲೆ ಗೊಬ್ಬರ, ಕೀಟನಾಶಕಗಳಿಲ್ಲದ ಮಣ್ಣು ಮತ್ತು ತೆಂಗಿನ ನಾರಿನ ಪುಡಿ. ಏರಲು ಕೊಂಬೆಗಳು, ಅಡಗಲು ಅಗಲ ಎಲೆಯ ಗಿಡಗಳು. ಗಾಳಿಗಾಗಿ ಮೇಲ್ಭಾಗಕ್ಕೆ ಜಾಲರಿ. ಎಲುಬಿಗೆ ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ. ಬಿಸಿಲಿಗಿಟ್ಟರೆ ಶಾಖ ಮಾತ್ರ ಒಳಗುಳಿಯುತ್ತದೆ. ಅದಕ್ಕೆಂದೇ ಇರುವ ಮಂದ ದೀಪವನ್ನು ಜಾಲರಿಯ ಒಂದು ತುದಿಯಲ್ಲಿ ಮಾತ್ರ ಇಡಬೇಕು. ಗಿಡಗಳು ಬೇರೂರಲು ಒಂದು ತಿಂಗಳಾದರೂ ಕಾಯಬೇಕು. ಹಗಲಿರುಳು ಶಾಖ ಸ್ಥಿರವಾಗಿದೆಯೆಂದು ಉಷ್ಣಮಾಪಕ ಹೇಳಿದ ಮೇಲೆಯೇ ಹಲ್ಲಿಯನ್ನು ತರಬೇಕು.

ಅವನ ಪೆಟ್ಟಿಗೆಯಲ್ಲಿ ಈಗ ಗಿಡಗಳು ಮಾತ್ರ ಇವೆ. ದಿನಾಲೂ ಶಾಖವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದಾನೆ. ಆ ತಾಳ್ಮೆ ಅಂದು ನನ್ನಲ್ಲಿರಲಿಲ್ಲ.

ನಮ್ಮೂರಿನ ಮಕ್ಕಳಿಗೆ ನನ್ನದು ಬೇರೆಯೇ ಮಾತು. ಓತಿ, ಅರಣೆ, ಗೋಸುಂಬೆಗಳನ್ನು ಹಿಡಿದು ಪೆಟ್ಟಿಗೆಗೆ ಹಾಕಬೇಡಿ. ಉಡವನ್ನು ಹಿಡಿಯುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಶಾಲೆಯ ಹಿಂದಿನ ಅಡಿಕೆ ಮರಗಳಲ್ಲಿ ಇಂದಿಗೂ ಹಾರುವ ಓತಿಗಳಿವೆ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ಸದ್ದಿಲ್ಲದೆ ತಲೆಯೆತ್ತಿ ನಿಂತರೆ ಕಾಣಸಿಗುತ್ತವೆ. ಮಕ್ಕಳೇ, ಅವುಗಳನ್ನು ಅಲ್ಲಿಯೇ ನೋಡಿರಿ.